ಮೌನಮೂರ್ತಿಯನ್ನು ತೆಗೆದುಹಾಕಬೇಕೇ?

ಬಾಗಿಲು ತೆರೆದವಳು ಹಾಗೇ ನಿಂತುಬಿಟ್ಟಳು.

ಹೊರಗೆ ನಿಂತಿದ್ದವನ ಹೆಗಲಲ್ಲಿ ಕೇಬಲ್ ಸುರುಳಿ, ಕೈಯಲ್ಲಿ ಮಡಿಸುವ ಏಣಿ, ಕೊರಳಲ್ಲಿ ಇಂಟರ್ನೆಟ್ ಕಂಪನಿಯ ಗುರುತಿನ ಚೀಟಿ. ಆ ಚೀಟಿಯ ಫೋಟೋ ತೆಗೆಸುವ ದಿನ ಅವನ ಕಾಲರ್ ಸರಿಮಾಡಿ ಕಳಿಸಿದವಳು ಅವಳೇ. ಎರಡು ವರ್ಷದ ಹಿಂದೆ ಅವನ ಮನೆಯಿಂದ ಒಂದು ಸೂಟ್‌ಕೇಸ್ ಹಿಡಿದು ಹೊರಟು ಬಂದವಳೂ ಅವಳೇ.

ಅವಳ ಗಂಡ!

"ನೀವಾ...?"

"ನೆಟ್ ಇಲ್ಲ ಅಂತ ಕಂಪ್ಲೇಂಟ್ ಬಂದಿತ್ತು."

"ನಿಮ್ಮ ಆಫೀಸಲ್ಲಿ ಬೇರೆ ಯಾರೂ ಇರ್ಲಿಲ್ವಾ?"

"ಇದ್ರು. ನಿಮ್ಮಣ್ಣನ ಹೆಸರು ನೋಡ್ದೆ. ನಾನೇ ಹೋಗ್ತೀನಿ ಅಂದೆ."

ಹಾಗೆಂದವನು ಎವೆಯಿಕ್ಕದೆ ಅವಳ ಮುಖವನ್ನೇ ನೋಡುತ್ತ ನಿಂತ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಸಂಸಾರ ಮಾಡುವಾಗ ಕರೆದರೆ ತಿರುಗಿ ನೋಡದವನು, ಈಗ ಹೀಗೆ ದಿಟ್ಟಿಸುತ್ತಾನಲ್ಲ! ಮನಸ್ಸು ಬಂದಾಗ ಗಂಡ, ಬಾರದಾಗ ಗೋಡೆ... ಇಂಥವನ ಜೊತೆ ಎಷ್ಟು ದಿನ ಬಾಳುವುದು?

"ಯಾರೇ ಅದು, ನೆಟ್‌ನವರಾ?" ಅಡುಗೆಮನೆಯಿಂದ ಅತ್ತಿಗೆ ಕೂಗಿದರು. "ಮೊದಲು ನನ್ನ ಧಾರಾವಾಹಿ ಬರೋ ಹಾಗೆ ಮಾಡಿಸು, ಬೆಳಿಗ್ಗೆ ಅವಳು ವಿಷ ಕುಡಿಯೋ ಹೊತ್ತಿಗೇ ನಿಂತ್ಹೋಯ್ತು!"

ಸೌಟು ಹಿಡಿದು ಹೊರಗೆ ಬಂದ ಅತ್ತಿಗೆ, ಬಂದವನನ್ನು ನೋಡಿ "ಅಯ್ಯೋ" ಎಂದು ಬಂದ ಹಾಗೇ ಒಳಗೆ ಹೋದರು. ಹೋದರೇನು, ಅಡುಗೆಮನೆಯ ಬಾಗಿಲನ್ನು ಮಾತ್ರ ಮುಚ್ಚಲಿಲ್ಲ.

"ತಾರಸಿ ಮೇಲೆ ಇಲಿ ಕೇಬಲ್ ಕಡಿದಿರಬೇಕು. ನೋಡ್ತೀನಿ," ಎಂದು ಅವನು ಏಣಿ ಹೊತ್ತು ಮೇಲೆ ಹೋದ.

ಅವಳು ಮಹಡಿಯ ಮೇಲಿನ ತನ್ನ ಕೋಣೆಗೆ ಬಂದು ಕುಸಿದು ಕೂತಳು. ಎದುರಿಗೆ ಲ್ಯಾಪ್‌ಟಾಪ್. ಅದರ ತೆರೆಯಲ್ಲಿ ಬೆಳಗಿನಿಂದ ಒಂದು ಚಕ್ರ ಸುಮ್ಮನೆ ತಿರುಗುತ್ತಲೇ ಇತ್ತು.

ಆ ಚಕ್ರದ ಕಥೆ ಹೇಳಬೇಕೆಂದರೆ ಬೆಳಗಿನ ತಿಂಡಿಯ ಹೊತ್ತಿಗೆ ಹೋಗಬೇಕು. ಅವಳ ಅಣ್ಣನಿಗೆ ತಂತ್ರಜ್ಞಾನದ ಸುದ್ದಿ ಓದದೆ ತುತ್ತು ಇಳಿಯುವುದಿಲ್ಲ. ಓದಿ ಸುಮ್ಮನಿದ್ದರೂ ಆಗುತ್ತಿತ್ತು, ಅದರ ಮೇಲೆ ತೀರ್ಪು ಬೇರೆ ಕೊಡಬೇಕು!

"ನೋಡಿದ್ಯಾ? ಸೋಮವಾರದಿಂದ ಒಂದು ಖಾತೆ ಒಂದೇ ಮನೆಗಂತೆ. ಸಿನಿಮಾ ಆ್ಯಪಿನವರದ್ದು ಹೊಸ ರೂಲು. ಹಂಚ್ಕೊಳ್ಳಿ ಹಂಚ್ಕೊಳ್ಳಿ ಅಂತ ರೂಢಿ ಮಾಡ್ಸಿದ್ದು ಇವರೇ. ಈಗ ಹಂಚ್ಕೊಂಡವರೆಲ್ಲ ಕಳ್ಳರು! ಏರಿದ ಏಣಿ ಒದೆಯೋದು ಅಂದ್ರೆ ಇದು."

"ನಿಮಗೇನ್ರೀ, ಖಾತೆ ನಿಮ್ಮ ತಂಗೀದು," ಎಂದರು ಅತ್ತಿಗೆ. ಮತ್ತೆ ನಾದಿನಿಯ ಕಡೆ ಓರೆನೋಟ ಬೀರಿ, "ಅದ್ರಲ್ಲಿ ನಾವು ಮೂರು ಜನ. ಇನ್ನೊಬ್ಬರೂ ಇದಾರಲ್ಲ... ಅವರು ಯಾವ ಮನೆಯವರು ಅಂತ ಬರ್ಕೊಳ್ಳೋದು?"

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು.

ನಿಜ, ಖಾತೆಯಲ್ಲಿ ನಾಲ್ಕನೆಯ ಹೆಸರೊಂದಿತ್ತು. 'ಮೌನಮೂರ್ತಿ'. ಮದುವೆಯಾದ ಹೊಸತರಲ್ಲಿ ಗಂಡನನ್ನು ರೇಗಿಸಲೆಂದು ಅವಳೇ ಇಟ್ಟದ್ದು. ಮನೆ ಬಿಟ್ಟು ಬಂದಳು, ಫೋನಿನಲ್ಲಿ ಅವನ ನಂಬರ್ ತಡೆದಳು, ಆದರೆ ಆ ಹೆಸರನ್ನು ತೆಗೆಯಲು ಮಾತ್ರ ಕೈ ಬರಲಿಲ್ಲ. ದಿನವೂ ಕದ್ದು ತೆರೆದು ನೋಡುತ್ತಿದ್ದಳು. ಏನು ನೋಡಿದ, ಎಲ್ಲಿಗೆ ನಿಲ್ಲಿಸಿದ... ಇಷ್ಟು ತಿಳಿದರೆ ಸಾಕಿತ್ತು. ಇದಾನೆ, ಬದುಕಿದಾನೆ.

ಆದರೆ ಕೆಲವು ತಿಂಗಳಿಂದ ಅಲ್ಲಿ ಬೇರೆಯೇ ಸಂಗತಿ ಕಾಣುತ್ತಿತ್ತು. ಒಂದೇ ಧಾರಾವಾಹಿ, ಮತ್ತೆ ಮತ್ತೆ. ತೆರೆಯ ಕೆಳಗೆ ಮಾತುಗಳ ಅಕ್ಷರ ಬರುವಂತೆ ಇಟ್ಟಿದ್ದರು, ಅದೂ ದೊಡ್ಡ ದೊಡ್ಡ ಅಕ್ಷರ!

ಅವಳ ಗಂಡನಿಗೆ ಆ ಅಕ್ಷರಗಳೆಂದರೆ ಆಗದು. "ತೆರೆ ತುಂಬ ಇರುವೆ ಸಾಲು, ತೆಗಿ ಅದನ್ನ," ಅನ್ನುತ್ತಿದ್ದ. ಹಾಗಿದ್ದಮೇಲೆ ಓದುತ್ತಿರುವವರು ಯಾರು? ನಮ್ಮ ಮಾತು ಓದಿದರಷ್ಟೇ ತಿಳಿಯುವ ಬೇರೆ ಭಾಷೆಯ ಯಾವಳೋ ಒಬ್ಬಳು... ತನ್ನ ಜಾಗದಲ್ಲಿ, ತನ್ನ ದಿಂಬಿಗೆ ಒರಗಿ...

ಇನ್ನೂ ಕಹಿಯಾದದ್ದೆಂದರೆ, ಆ ಅಕ್ಷರಗಳನ್ನು ಬರೆದವಳು ಅವಳೇ! ಅವಳ ಕೆಲಸವೇ ಅದು. ಕಿವಿ ಕೇಳದವರಿಗಾಗಿ ಧಾರಾವಾಹಿಗಳ ಮಾತನ್ನೂ ಸದ್ದನ್ನೂ ಅಕ್ಷರದಲ್ಲಿ ಬರೆದುಕೊಡುವುದು. ಬೇರೆಯವರು [ಬಾಗಿಲ ಸದ್ದು] ಎಂದು ಬರೆದು ಮುಗಿಸಿದರೆ ಇವಳು [ಸಿಟ್ಟಿನಲ್ಲಿ ಎಳೆದುಕೊಂಡ ಬಾಗಿಲು] ಎಂದು ಬರೆಯುತ್ತಿದ್ದಳು. ಉದ್ದವಾಯಿತೆಂದು ಮೇಲಿನವರಿಂದ ಬೈಸಿಕೊಂಡರೂ ಬಿಡುತ್ತಿರಲಿಲ್ಲ. ಆ ಸಾಲುಗಳನ್ನು ಸವತಿ ಓದಬೇಕೇ?

ತಿಂಡಿ ಬಿಟ್ಟೆದ್ದು ಬಂದು ಖಾತೆ ತೆರೆದಾಗ ಆ್ಯಪ್ ತಾನಾಗಿ ಕೇಳಿತು. 'ಮೌನಮೂರ್ತಿ ನಿಮ್ಮ ಮನೆಯಲ್ಲಿ ವಾಸಿಸುತ್ತಿಲ್ಲ. ತೆಗೆದುಹಾಕಬೇಕೇ?'

ಹಲ್ಲು ಕಚ್ಚಿ 'ಹೌದು' ಒತ್ತಿದಳು.

ಅಷ್ಟರಲ್ಲಿ ನೆಟ್ ಹೋಯಿತು. ಚಕ್ರ ತಿರುಗಲು ಶುರುವಾಯಿತು. ಈಗ ಅದನ್ನು ಸರಿಮಾಡಲು ಅವನೇ ಬಂದಿದ್ದಾನೆ. ತನ್ನ ಹೆಸರನ್ನು ಅಳಿಸಲು ತಾನೇ ದಾರಿ ಮಾಡಿಕೊಡಲಿ! ಸಂಜೆಯೊಳಗೆ ಅವಳು ಬರೆದ ಕೆಲಸವನ್ನೂ ಕಳಿಸಬೇಕು. ನೆಟ್ ಬಂದರೆ ಎರಡೂ ಮುಗಿಯುತ್ತವೆ...

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಕಡಿದ ಕೇಬಲ್ ಬದಲಿಸಿ ಬಂದ ಅವನು ಬಾಗಿಲಲ್ಲಿ ನಿಂತು ಕೇಳಿದ.

"ನೆಟ್ ಬಾಕ್ಸ್ ಎಲ್ಲಿದೆ?"

ಅವಳು ಮೂಲೆಯ ಕಡೆ ಕೈ ತೋರಿದಳು. ಅವನು ಹೋಗಲಿಲ್ಲ.

"ಒಂದು ಮಾತು ಕೇಳ್ಲಾ? ಯಾಕೆ ಬಿಟ್ಟುಹೋದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ."

ಗೊತ್ತಿಲ್ಲವಂತೆ! ಅವಳ ಎದೆಯಲ್ಲಿ ಬೆಂಕಿ ಬಿದ್ದಂತಾಯಿತು.

ಆ ಸಂಜೆ ಅವಳು ಆಸ್ಪತ್ರೆಯಿಂದ ಒಬ್ಬಳೇ ಬಂದಿದ್ದಳು. ಅವನು ಸಿಂಕಿನ ಮುಂದೆ ನಿಂತು ಕೈಗೆ ಮೆತ್ತಿದ ಗೋಡೆಯ ಧೂಳು ತೊಳೆಯುತ್ತಿದ್ದ. ನಲ್ಲಿ ಸುರಿಯುತ್ತಿತ್ತು. ಮುಖ ನೋಡಿ ಹೇಳುವ ಶಕ್ತಿಯಿಲ್ಲದೆ ಅವನ ಬೆನ್ನಿಗೇ ಹೇಳಿದಳು. ಮಗು ಬಂದಿತ್ತು, ನಿಮಗೆ ಹೇಳಬೇಕು ಅಂತಿದ್ದೆ, ಉಳೀಲಿಲ್ಲ ಅಂತ. ಅವನು ತಿರುಗಲಿಲ್ಲ. "ಹೂಂ" ಅಂದ. ಅಷ್ಟೇ! ಕೈ ಒರೆಸಿಕೊಂಡು ಹೋಗಿ ಟಿವಿ ಹಾಕಿದ. ಬೀದಿಗೆಲ್ಲ ಕೇಳುವಷ್ಟು ಜೋರಾಗಿ.

ಆ 'ಹೂಂ' ಅವಳನ್ನು ಕೊಂದುಹಾಕಿತ್ತು. ಮರುದಿನವೇ ಹೊರಟುಬಿಟ್ಟಿದ್ದಳು.

"ಗೊತ್ತಿಲ್ಲ ಅನ್ನೋಕೆ ನಾಚಿಕೆ ಆಗಲ್ವಾ?" ಎಂದಳು.

ಅವನು ತಲೆ ತಗ್ಗಿಸಿ ಮೂಲೆಗೆ ಹೋದ. ಬೆನ್ನು ತಿರುಗಿಸಿ ಬಾಕ್ಸಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಮತ್ತದೇ ಬೆನ್ನು!

"ನನಗೂ ಒಂದು ಮಾತು ಗೊತ್ತಾಗ್ಬೇಕು," ಎಂದಳು. "ನಿಮ್ಮನೇಲಿ ಅಕ್ಷರ ಓದ್ಕೊಂಡು ಧಾರಾವಾಹಿ ನೋಡೋಳು ಯಾರು?"

ಅವನು ಬಾಕ್ಸಿನಿಂದ ಹಳೆಯ ತಂತಿ ಬಿಚ್ಚಿ ತೆಗೆದ.

"ಕೇಳ್ತಿರೋದು ನಿಮ್ಮನ್ನೇ! ಯಾರವಳು?"

ಊಹೂಂ. ಅವನು ತಂತಿಯ ತುದಿ ಒರೆಸುತ್ತಿದ್ದ. ಗೋಡೆ ಕೊರೆಯುವ ಡ್ರಿಲ್ಲಿನ ಸದ್ದಿಲ್ಲ, ನಲ್ಲಿಯ ಸದ್ದಿಲ್ಲ, ಕೋಣೆ ಸ್ತಬ್ಧವಾಗಿತ್ತು. ಕೆಳಗೆ ಅತ್ತಿಗೆ ಕೂಡ ಸೌಟು ಆಡಿಸುವುದನ್ನು ನಿಲ್ಲಿಸಿದ್ದರು.

ಅವಳು ಎದ್ದು ಹೋಗಿ ಸಿಟ್ಟಿನಿಂದ ಅವನ ಭುಜ ಹಿಡಿದೆಳೆದಳು. ಅವನು ಬೆಚ್ಚಿಬಿದ್ದ. ಹೆದರಿದ ಕಣ್ಣುಗಳು ಅವಳ ಕಣ್ಣಿಗೆ ಹೋಗಲಿಲ್ಲ. ನೇರವಾಗಿ ತುಟಿಗೆ ಬಂದು ನಿಂತವು.

ಅವಳಿಗೆ ಒಮ್ಮೆಲೇ ಏನೋ ಹೊಳೆಯಿತು.

"ಅಕ್ಷರ... ಓದೋರು... ಯಾರು?" ಮೆಲ್ಲಗೆ, ಒಂದೊಂದೇ ಪದ ಬಿಡಿಸಿ ಕೇಳಿದಳು.

ಅವನು ಕೈಲಿದ್ದ ತಂತಿಯನ್ನು ನೆಲಕ್ಕಿಟ್ಟ.

"ನಾನೇ."

"ಅಂದ್ರೆ...?"

"ಕಿವಿ ಹೋಗಿದೆ ಕಣೆ. ಮೊದಲು ಮೊಬೈಲ್ ಟವರ್ ಕೆಳಗೆ ಜನರೇಟರ್ ರೂಮಲ್ಲಿ ಕೆಲಸ, ಆಮೇಲೆ ಈ ಡ್ರಿಲ್ಲು. ಮದುವೆ ಹೊತ್ತಿಗೇ ಅರ್ಧ ಹೋಗಿತ್ತು. ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೋತಿದ್ದೆ. ಹಿಂದಿನಿಂದ ಯಾರೋ ಏನೋ ಅಂದ ಹಾಗಾದ್ರೆ ಹೂಂ ಅಂತಿದ್ದೆ. ಹೂಂ ಅಂದ್ರೆ ಯಾರೂ ಮತ್ತೆ ಕೇಳಲ್ಲ."

ಅವಳು ಗೋಡೆ ಹಿಡಿದುಕೊಂಡಳು. ದೀಪದ ಬುಡದಲ್ಲೇ ಕತ್ತಲೆ ಅನ್ನುವುದು ಇದಕ್ಕೇ! ಹಗಲೆಲ್ಲ ಕೂತು ಕಿವಿ ಕೇಳದ ಯಾರ್ಯಾರಿಗೋ ಬರೆದಳು. ಮನೆಯಲ್ಲಿ ಇದ್ದವನನ್ನು ಮಾತ್ರ ಕಾಣಲಿಲ್ಲ.

"ನನಗ್ಯಾಕೆ ಹೇಳ್ಲಿಲ್ಲ?" ಕಿರುಚಿಯೇಬಿಟ್ಟಳು.

"ಆಫೀಸಿಗೆ ಗೊತ್ತಾದ್ರೆ ಏಣಿ ಹತ್ತೋಕೆ ಬಿಡಲ್ಲ. ನಿನಗೆ... ನಿನ್ನ ಕೆಲಸವೇ ಕಿವುಡರಿಗೆ ಬರೆಯೋದು. ನಿನ್ನ ಮುಂದೆ ನಾನೂ ಒಬ್ಬ ಗಿರಾಕಿ ಆಗ್ಬೇಕಿತ್ತಾ? ಮರ್ಯಾದೆ ಅಡ್ಡ ಬಂತು."

"ನಿಮ್ಮ ಮರ್ಯಾದೆಗೆ ಬೆಂಕಿ ಬೀಳ!"

"ಬಿತ್ತು. ನೀನು ಹೋದ ಮೇಲೆ ಅಕ್ಷರ ಹಾಕ್ಕೊಂಡು ನೋಡ್ದೆ. ನೀನು ಬರೆದಿದ್ದೇ ಹುಡುಕಿ ನೋಡ್ದೆ. ಒಂದು ಕಡೆ ಬರೆದಿದ್ದೀಯ, [ಕರೆದರೂ ಬಾರದವನಿಗೆ ಕೇಳಲೆಂದು ಪಾತ್ರೆ ಕುಕ್ಕುವ ಸದ್ದು]. ಅದು ಓದಿ ತುಂಬ ಅತ್ತೆ. ನಮ್ಮನೇಲೂ ನೀನು ಹಾಗೆ ಕುಕ್ತಿದ್ಯಾ?"

"ದಿನಾ..." ಅವಳು ಗೋಡೆ ಬಿಟ್ಟು ಮುಂದೆ ಬಂದಳು. "ದಿನಾ ಕುಕ್ತಿದ್ದೆ."

ಆಗ ಅವಳಿಗೆ ಅರ್ಥವಾಯಿತು. ಸಿಂಕಿನ ಮುಂದೆ ಹೇಳಿದ ಆ ಮಾತು ಯಾರಿಗೂ ಮುಟ್ಟಲೇ ಇಲ್ಲ. ಎರಡು ವರ್ಷ ಅವಳು ದ್ವೇಷಿಸಿದ್ದು ಕೇಳಿಯೂ ಕಲ್ಲಾದವನನ್ನು. ಅಂಥವನು ಇರಲೇ ಇಲ್ಲ. ಇವನಿಗೆ ತಾನು ತಂದೆಯಾಗಲಿದ್ದೆ ಅನ್ನುವುದೂ ಗೊತ್ತಿಲ್ಲ.

ಹೇಳದೆ ಬಿಟ್ಟುಬಿಡಲೇ? ಗೊತ್ತಿಲ್ಲದವನು ಸುಖವಾಗಿರಲಿ... ಬೇಡ. ಮುಚ್ಚಿಟ್ಟು ಮುಚ್ಚಿಟ್ಟೇ ಇಬ್ಬರೂ ಇಲ್ಲಿಗೆ ಬಂದು ನಿಂತದ್ದು.

ಅವನ ಎದುರಿಗೆ ನೆಲದ ಮೇಲೆ ಕೂತಳು. ಅವನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡಳು.

"ನಮಗೊಂದು ಮಗು ಬಂದಿತ್ತು. ಹೊಟ್ಟೇಲೇ... ಹೋಯ್ತು. ಆ ಸಂಜೆ ಹೇಳ್ದೆ. ನಿಮ್ಮ ಬೆನ್ನಿಗೆ ಹೇಳ್ದೆ."

ಅವನ ತುಟಿ ಅವಳ ಪದಗಳನ್ನು ಸದ್ದಿಲ್ಲದೆ ಮತ್ತೊಮ್ಮೆ ಆಡಿ ನೋಡಿತು. ಆಮೇಲೆ ಮುಖ ಸುಕ್ಕುಗಟ್ಟಿತು.

"ನಾನೇನಂದೆ? ಆಗ... ನಾನೇನಂದೆ?"

"ಹೂಂ ಅಂದ್ರಿ."

ಅವನು ಹಣೆಯನ್ನು ಅವಳ ಹೆಗಲಿಗೆ ಇಟ್ಟು ಬಿಕ್ಕಿಬಿಕ್ಕಿ ಅತ್ತ. ಅವಳಿಗೆ ಅವನನ್ನು ಕ್ಷಮಿಸಬೇಕೋ, ಅವನಲ್ಲಿ ಕ್ಷಮೆ ಕೇಳಬೇಕೋ ತಿಳಿಯಲಿಲ್ಲ. ಬಾಯಿಬಿಟ್ಟು ಒಂದು ಮಾತು ಹೇಳದೆ ಅವನು ಕೆಡಿಸಿದ. ಹೇಳಿದ ಮಾತನ್ನು ಇನ್ನೊಮ್ಮೆ ಹೇಳದೆ ಇವಳು ಕೆಡಿಸಿದಳು. ಎಲ್ಲ ಮುಗಿದ ಮೇಲೆ ಬುದ್ಧಿ ಬಂದು ಏನು ಪ್ರಯೋಜನ? ಹೋದದ್ದು ಹೋಯಿತು. ಅಳುವಾಗಲಾದರೂ ಜೊತೆಗಿರಬಹುದಿತ್ತು, ಅದನ್ನೂ ಕಳೆದುಕೊಂಡರು.

ತುಂಬ ಹೊತ್ತಿನ ಮೇಲೆ ಅವನು ಕಣ್ಣೊರೆಸಿಕೊಂಡ.

"ನಿನ್ನ ಕೆಲಸ ನಿಂತಿದೆ," ಎಂದು ಬಾಕ್ಸಿನ ಕಡೆ ತಿರುಗಿ ತಂತಿ ಕೈಗೆತ್ತಿಕೊಂಡ.

ಅವಳಿಗೆ ಥಟ್ಟನೆ ಲ್ಯಾಪ್‌ಟಾಪ್ ನೆನಪಾಯಿತು. ಆ ಚಕ್ರ!

"ತಡೀರಿ! ಹಾಕ್ಬೇಡಿ, ತಡೀರಿ!"

ಕೂಗಿದ್ದು ಮತ್ತೆ ಬೆನ್ನಿಗೇ. ಅವನು ತಂತಿ ಸಿಕ್ಕಿಸಿಬಿಟ್ಟ. ಬಾಕ್ಸಿನ ದೀಪಗಳು ಹಸಿರಾದವು. ಚಕ್ರ ನಿಂತಿತು.

'ಮೌನಮೂರ್ತಿಯನ್ನು ತೆಗೆದುಹಾಕಲಾಗಿದೆ.'

ಅವನು ತಿರುಗಿ ತೆರೆಯನ್ನು ಓದಿದ. ಆಮೇಲೆ ಅವಳನ್ನು ನೋಡಿದ.

"ತೆಗೆದುಬಿಟ್ಯಾ?"

ಅವಳು ಹತ್ತಿರ ಹೋಗಿ ಮೊದಲು ಅವನ ಭುಜ ಮುಟ್ಟಿದಳು. ಆಮೇಲೆ ಮಾತಾಡಿದಳು.

"ರೀ... ಬೆಳಿಗ್ಗೆ ಒತ್ತಿದ್ದು. ಈಗ ತಡೀರಿ ಅಂತ ಕೂಗ್ದೆ. ನನಗಿನ್ನೂ ಬುದ್ಧಿ ಬಂದಿಲ್ಲ, ಬೆನ್ನಿಗೇ ಕೂಗ್ದೆ."

ಎರಡು ವರ್ಷದಿಂದ ಅವಳ ಬಾಯಿಂದ 'ರೀ' ಹೊರಟಿರಲಿಲ್ಲ. ಅವನ ತುಟಿಯಂಚಿನಲ್ಲಿ ಅಳುವೋ ನಗುವೋ ಒಂದು ಮೂಡಿತು.

"ಅವನು ಹೋಗ್ಲಿ ಬಿಡು. ಒಳ್ಳೆ ಗಂಡ ಆಗಿರ್ಲಿಲ್ಲ. ಮನೆಗೆ ಬರ್ತೀಯಾ?"

"ಇವತ್ತಲ್ಲ." ಅವಳು ಅವನಿಗೆ ಕಾಣುವಂತೆ ತಲೆಯಾಡಿಸಿದಳು. "ನಾಳೆ ಬನ್ನಿ. ಮೊದಲು ಕಿವಿ ಡಾಕ್ಟರ್ ಹತ್ರ ಹೋಗೋಣ. ಮನೆ ಮಾತು ಆಮೇಲೆ."

"ಹೂಂ."

"ಹೂಂ ಅನ್ಬೇಡಿ!"

"ಸರಿ. ಬರ್ತೀನಿ. ನಾಳೆ ಬೆಳಿಗ್ಗೆ, ಡಾಕ್ಟರ್ ಹತ್ರ, ನಿನ್ನ ಜೊತೆ. ಸಾಕಾ?"

"ಸಾಕು."

ಕೆಳಗಿನಿಂದ ಢಣ್ಣೆಂದು ಸದ್ದು ಬಂತು. ಅವಳು ಬಾಗಿಲ ಕಡೆ ನೋಡಿದ್ದನ್ನು ಅವನು ಗಮನಿಸಿದ.

"ಏನದು ಸದ್ದು?"

ಅವಳು ಕಣ್ಣೊರೆಸಿಕೊಂಡು, ಅವನ ಮುಖಕ್ಕೆ ಮುಖ ಕೊಟ್ಟು, ಬಿಡಿಸಿ ಹೇಳಿದಳು.

"ಇನ್ನೊಂದು ತಟ್ಟೆ ಹಾಕ್ಲಾ ಅಂತ ಕೇಳೋಕೆ ಧೈರ್ಯ ಸಾಲದೆ, ಅತ್ತಿಗೆ ಸೌಟು ಕುಕ್ಕಿದ ಸದ್ದು."

"ಹಾಕೋಕೆ ಹೇಳು," ಎಂದ ಅವನು.