ಹುಬ್ಬಿನ ಮೇಲಿನ ಗೆರೆ

ಮಂಗಳವಾರ ಬೆಳಿಗ್ಗೆ 10.20ಕ್ಕೆ ಚಿಕ್ಕಬಾಣಾವರದ ವೆಂಕಟೇಶಪ್ಪ ಠಾಣೆಗೆ ಬಂದು, ತೀರಿಕೊಂಡ ಹೆಂಡತಿ ಕೃಷ್ಣಮ್ಮನ ಸಮಾಧಿ ಕಲ್ಲು ಪೀಣ್ಯದ ಕೆತ್ತನೆ ಅಂಗಡಿಯಿಂದ ಕಳುವಾಗಿದೆ ಎಂದು ದೂರು ಕೊಟ್ಟರು. ಸಮಾಧಿ ಕಲ್ಲನ್ನೂ ಬಿಡದ ಕಳ್ಳನಿಗೆ ಏನನ್ನಬೇಕೋ ಇನ್‌ಸ್ಪೆಕ್ಟರ್ ಯಮುನಾಗೆ ತೋಚಲಿಲ್ಲ. ಎಫ್‌ಐಆರ್ ಹಾಕಿಸಿ, ಕಾನ್‌ಸ್ಟೆಬಲ್ ಮಲ್ಲಿಕ್‌ನೊಂದಿಗೆ ಹೊರಟಳು.

ಅಂಗಡಿಯ ಯಜಮಾನ ರಾಮಯ್ಯ ಕೈ ಹಿಸುಕಿಕೊಳ್ಳುತ್ತ ನಡೆದದ್ದು ಹೇಳಿದ. ಕೆತ್ತಿದವನು ಬಾಗಲಕೋಟೆ ಕಡೆಯ ಯಮನಪ್ಪ. ಯಂತ್ರವಿಲ್ಲದೆ, ಫೋಟೋ ನೋಡಿ, ವಜ್ರದ ಮೊನೆಯಿಂದ ಕಪ್ಪು ಕಲ್ಲಿಗೆ ಚುಕ್ಕೆ ಹೊಡೆದು ಮುಖ ಮೂಡಿಸುವ ಕೆಲಸ. ಚುಕ್ಕೆ ಬಿದ್ದಲ್ಲಿ ಬೆಳಕು, ಬಿಟ್ಟಲ್ಲಿ ನೆರಳು. ಮುಖ ಹೋಲುವುದಿಲ್ಲ, ಹುಬ್ಬಿನ ಮೇಲೆ ಇಲ್ಲದ ಗಾಯ ಬೇರೆ ಇದೆ ಎಂದು ಮನೆಯವರು ಕಲ್ಲನ್ನು ವಾಪಸ್ ತಂದಿದ್ದರು. ಸೋಮವಾರ ಉಜ್ಜಿ ಅಳಿಸಬೇಕಿತ್ತು. ಅಷ್ಟರಲ್ಲಿ ಕಲ್ಲೂ ಇಲ್ಲ, ಯಮನಪ್ಪನೂ ಇಲ್ಲ.

ಯಮುನಾ ಕೃಷ್ಣಮ್ಮನ ಫೋಟೋ ಕೇಳಿ ನೋಡಿದಳು. ತೀರಾ ಮಸುಕು. ಗಾಯವಂತೂ ಇರಲಿಲ್ಲ.

ಟಿ. ದಾಸರಹಳ್ಳಿಯಲ್ಲಿ ಯಮನಪ್ಪನ ಬಾಡಿಗೆ ಕೋಣೆಯ ಒಡತಿ ಕಮಲಮ್ಮ ಬಾಗಿಲಲ್ಲೇ ಸಿಕ್ಕರು.

“ಯಮನಪ್ಪನ ಕಡೆ ಯಾರಿಗಾದ್ರೂ ಹುಬ್ಬಿನ ಮೇಲೆ ಗಾಯ ಇತ್ತಾ?” ಯಮುನಾ ಕೇಳಿದಳು.

“ಅವನ ಹೆಂಡ್ತಿ ಶೇಖವ್ವನಿಗಿತ್ತು ಮೇಡಂ. ಹೋದ ವರ್ಷ ಕಾಮಾಲೆ ಆಗಿ ಹೋಗ್ಬಿಟ್ಳು, ಪಾಪ.”

ಸಮಯ 1.15. ಯಮನಪ್ಪ ಕೋಣೆಯಲ್ಲೇ ಇದ್ದ. ಗೋಡೆಗೆ ಕಲ್ಲು ಒರಗಿತ್ತು. ಬಾಗಿಲ ಬೆಳಕು ಓರೆಯಾಗಿ ಬಿದ್ದು, ಸಾವಿರಾರು ಚುಕ್ಕೆಗಳ ನಡುವೆ ಹೆಂಗಸೊಬ್ಬಳು ಇನ್ನೇನು ನಗುವವಳಂತೆ ಕಾಣುತ್ತಿದ್ದಳು. ಕೆನ್ನೆ ನವಿರಾಗಿತ್ತು. ಎಡಹುಬ್ಬಿನ ಮೇಲೆ ಮಾತ್ರ ಮೊನೆ ಮುಟ್ಟದ ಒಂದು ಕಪ್ಪು ಗೆರೆ. ಯಮುನಾ ಕಲ್ಲಿನ ಮುಂದೆ ಕುಕ್ಕರಿಸಿದಳು.

“ಕಲ್ಲನ್ನ ಯಾಕೆ ಎತ್ಕೊಂಡು ಬಂದೆ?”

“ಅಳಸ್ತೀವಿ ಅಂದ್ರು. ಫೋಟೋದಾಗ ಮಾರಿ ಕಾಣ್ತಿರಲಿಲ್ರೀ. ಕೈ ತನಗ ಗೊತ್ತಿದ್ದ ಮಾರಿ ಮಾಡಿಬಿಡ್ತು. ಕಣ್ಣು ಕೆತ್ತಿ ಮುಗಿಸಿ ನೋಡ್ತೀನಿ, ಶೇಖವ್ವ.”

“ಇನ್ನೊಂದು ಕಲ್ಲಿಗೆ ಕೆತ್ಕೋಬಹುದಿತ್ತಲ್ಲ?”

“ಕುಂತು ನೆನಸ್ಕೊಂಡ್ರ ಬರಂಗಿಲ್ರೀ. ಎಷ್ಟೋ ಸಲ ಮಾಡಿ ನೋಡೀನಿ. ಆಕಿ ಫೋಟೋ ಎಲ್ಲಾ ಕಳುವಾದ ಫೋನಿನಾಗ ಹೋದ್ವು. ನಿಮ್ಮ ಠಾಣೆಗೂ ಬಂದಿದ್ನಿ.”

ಪಂಚರ ಮುಂದೆ ಕಲ್ಲನ್ನು ಜಪ್ತಿ ಮಾಡಿ, ಪಂಚನಾಮೆಗೆ ಮಲ್ಲಿಕ್ ಕಲ್ಲಿನ ಮುಖದ ಫೋಟೋ ತೆಗೆದ. ಉಜ್ಜಿಬಿಡುತ್ತಾರೇನು ಎಂದು ಯಮನಪ್ಪ ಕೇಳಿದ. ಕಲ್ಲು ಅವರದು, ಕೋರ್ಟಿನಿಂದ ಬಿಡಿಸಿಕೊಂಡ ಮೇಲೆ ಉಜ್ಜುತ್ತಾರೆ ಎಂದು ಯಮುನಾ ಇದ್ದದ್ದನ್ನೇ ಹೇಳಿದಳು. 2.40ಕ್ಕೆ ಬಂಧನ ದಾಖಲಾಯಿತು.

ಠಾಣೆಗೆ ಬಂದವಳೇ ಹಳೆಯ ದೂರಿನ ಪುಸ್ತಕ ತೆಗೆಸಿದಳು. ಹನ್ನೊಂದು ತಿಂಗಳ ಹಿಂದಿನ ಪುಟದಲ್ಲಿ ಯಮನಪ್ಪನ ಹೆಸರು, ‘ಮೊಬೈಲ್ ಕಳುವು, ಹೆಂಡತಿಯ ಫೋಟೋಗಳಿವೆ’ ಎಂಬ ಒಂದು ಸಾಲು, ಕೆಳಗೆ ಯಮುನಾಳದೇ ಸಹಿ. ಮುಂದೆ ಏನೂ ಮಾಡಿರಲಿಲ್ಲ. ಅವಳಿಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು.

ಪಂಚನಾಮೆಯ ಫೋಟೋದ ಇನ್ನೊಂದು ಪ್ರತಿ ತೆಗೆಸಿ, ಲಾಕಪ್ಪಿನ ಸರಳಿನೊಳಗೆ ಕೈಚಾಚಿ ಅವನಿಗೆ ಕೊಟ್ಟಳು. ಆ ದೂರಿಗಾಗಿ ಠಾಣೆ ಇಷ್ಟು ದಿನದಲ್ಲಿ ಮಾಡಿದ ಕೆಲಸ ಅದೊಂದೇ.