ನೆಟ್ಟಗೆ ನಿಂತ ಕುಂಚ

ಒಲೆ ಆರಿಸಿ, ಬೂದಿ ತೆಗೆದು, ಒಲೆಯ ಮೇಲಿದ್ದ ಅಂಟಿನ ಪಾತ್ರೆಯಲ್ಲಿ ಕುಂಚವನ್ನು ನೆಟ್ಟಗೆ ಹಿಡಿದು ನಿಂತಿದ್ದೆ. ಬಿಸಿಗೆ ಕರಗುವ ಆ ಅಂಟು ಆರಿ ಗಟ್ಟಿಯಾಗಿ ಕುಂಚವನ್ನು ಕಚ್ಚಿಕೊಳ್ಳುವವರೆಗೆ ಕೈ ಬಿಡುವಂತಿಲ್ಲ. ಒರಗಿದರೆ ಬೆಳಗ್ಗೆ ಅದರ ಕೂದಲು ಸೊಟ್ಟಗಾಗಿರುತ್ತದೆ. ನಮ್ಮ ಮುದ್ರಣಾಲಯದಲ್ಲಿ ಪ್ರತಿ ಸಂಜೆ ಅದು ನನ್ನ ಕೆಲಸ. ಅಂದು ಕರಡು ತಿದ್ದುವ ಅಕ್ಕನಿಗೂ ಪತ್ತೇದಾರಿ ಕಾದಂಬರಿಕಾರರಿಗೂ ಆಗಷ್ಟೇ ಜಗಳವಾಗಿತ್ತು.

"ನಿಮ್ಮ ವಾಕ್ಯ ಓದ್ತಿದ್ರೆ ಕಣ್ಣು ತುಂಬುತ್ತೆ ಸಾರ್," ಎಂದಿದ್ದಳು ಅಕ್ಕ. "ಆದ್ರೆ ಕೊಲೆ ಆದಾಗ ನಿಮ್ಮ ಕತೇಲಿರೋ ಒಬ್ಬರೂ ಊರಲ್ಲೇ ಇರಲಿಲ್ವಲ್ಲ. ಹೆಣ ತಾನೇ ಚುಚ್ಕೊಂಡಿತಾ?"

"ಕೊನೇ ಅಧ್ಯಾಯ ಓದು, ಆಮೇಲೆ ಬಾಯಿ ಬಿಡು!"

ಕಟ್ಟಿದ ಹಾಳೆಗಳ ಕಂತೆಯನ್ನು ಅವಳ ಮೇಜಿನ ಮೇಲೆ ಕುಕ್ಕಿ ಅವರು ಹೊರಟುಹೋದರು. ಪ್ರತಿ ಅಧ್ಯಾಯವನ್ನೂ ನಮ್ಮ ಮುಂದೆ ಓದಿ, ಹೊಗಳಿಸಿಕೊಂಡೇ ಕೊಡುತ್ತಿದ್ದವರು ಅಂದು ಓದಲಿಲ್ಲ. ಅಕ್ಕನೂ ಸಿಟ್ಟಿನಲ್ಲಿ ಅದನ್ನು ಬಿಚ್ಚಲಿಲ್ಲ. ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿದವಳು ಅವಳೇ.

ಬೆಳಗ್ಗೆ ನಾನು ಬಾಗಿಲು ತೆರೆದಾಗ ಕಾದಂಬರಿಕಾರರು ಹೆಗಲಿಗೆ ಚೀಲ ಹಾಕಿಕೊಂಡು ಮೆಟ್ಟಿಲ ಮೇಲೇ ಇದ್ದರು. ನೀರು ಕೇಳಿದರು. ತಂದು ನೋಡಿದರೆ ಒಲೆಯ ಮುಂದೆ ಕೂತು ಗೋಳಾಡುತ್ತಿದ್ದರು. ಒಲೆಯ ತುಂಬ ಕಾಗದದ ಬೂದಿ. ನಡುವೆ ಅವರ ಅಕ್ಷರವಿದ್ದ ಅರೆಸುಟ್ಟ ಚೂರು. ಮೇಜಿನ ಮೇಲೆ ಕಂತೆ ಇರಲಿಲ್ಲ. ಪಾತ್ರೆಯಲ್ಲಿ ಕುಂಚ ಮಾತ್ರ ನಾನು ಬಿಟ್ಟ ಹಾಗೇ ನಿಂತಿತ್ತು.

"ಹೊಟ್ಟೆಕಿಚ್ಚಿಗೆ ರಾತ್ರಿ ಸುಟ್ಟುಹಾಕಿದ್ದಾಳೆ!" ಎಂದರು, ಮಾಲೀಕರೂ ಅಕ್ಕನೂ ಬಂದಾಗ. ಮಾಲೀಕರು ಅಕ್ಕನಿಗೆ ಕೆಲಸ ಬಿಟ್ಟು ಹೊರಡು ಎಂದರು. ಅವಳ ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲ. ನಾನು ಮಾತು ಬಾರದವಳು, ಮಹಡಿಗೆ ಓಡಿದೆ.

ಅಲ್ಲಿ ಪುಸ್ತಕ ಹೊಲಿಯುತ್ತಾ ವಾಸವಿರುವವಳು ನನ್ನ ಸೋದರತ್ತೆ. ಇಲ್ಲಿ ಏನು ಕಳೆದರೂ ಹುಡುಕಿಕೊಡುವವಳು ಅವಳೇ. ನಡೆದದ್ದನ್ನೆಲ್ಲ ಕೈಸನ್ನೆಯಲ್ಲಿ ಹೇಳಿದೆ. ಇಳಿದು ಬಂದು ಒಲೆ ನೋಡಿದಳು, ಪಾತ್ರೆ ನೋಡಿದಳು, ಎಲ್ಲರನ್ನೂ ಕರೆದಳು.

"ಒಂದು ಕಂತೆ ಕಾಗದ ಈ ಒಲೇಲಿ ಉರಿದಿದ್ರೆ ಮೇಲಿನ ಅಂಟು ಕರಗಬೇಕಿತ್ತು," ಎಂದಳು ಅತ್ತೆ. "ಕರಗಿದ್ರೆ ಕುಂಚ ಒರಗಬೇಕಿತ್ತು. ಇದು ಕಂಬದ ಹಾಗೆ ನಿಂತಿದೆ. ಅಂದ್ರೆ ಇಲ್ಲಿ ಬೆಂಕಿ ಹತ್ತಿಲ್ಲ, ಬೂದಿ ಹೊರಗಿಂದ ಬಂದಿದೆ. ಸಂಜೆ ಒಲೆ ಖಾಲಿಯಿತ್ತು. ರಾತ್ರಿ ಕೊನೇವರೆಗೆ ಇಲ್ಲಿದ್ದ ಇವಳು ಸುಡೋದಾದ್ರೆ ಇಲ್ಲೇ ಸುಡ್ತಿದ್ಲು, ಬೂದಿ ಯಾಕೆ ಹೊತ್ತು ತರ್ತಾಳೆ? ಬೆಳಗ್ಗೆ ನಮ್ಮ ಹುಡುಗಿ ನೀರಿಗೆ ಹೋದಾಗ ಇಲ್ಲಿ ಒಬ್ಬರೇ ಇದ್ದವರು ಯಾರು? ಸಾರ್, ಆ ಚೀಲ ಬಿಚ್ಚಿ."

ಕಂತೆ ಚೀಲದಲ್ಲೇ ಇತ್ತು. ಒಳಗೆ ಬರೀ ಬಿಳಿ ಹಾಳೆ.

"ಓದದೆ ಕೊಟ್ಟಾಗಲೇ ತಿಳೀಬೇಕಿತ್ತು," ಎಂದಳು ಅತ್ತೆ. "ಈ ಕತೇಲಿ ಖಾಲಿ ಕುರ್ಚಿ ಬಗ್ಗೆ ಇವರು ಬರೆದಿದ್ದು ಓದಿ ಸೂಜಿ ಕೆಳಗಿಟ್ಟು ಅತ್ತಿದ್ದೀನಿ. ಇವತ್ತಿನ ಅಳುವೂ ಹಾಗೇ, ಚೆನ್ನಾಗಿತ್ತು. ಕತೆಯ ಹೆಣಿಗೆ ಮಾತ್ರ ಯಾವತ್ತಿನ ಹಾಗೆ ಸಡಿಲ."

ಕಾದಂಬರಿಕಾರರು ತಲೆ ತಗ್ಗಿಸಿದರು. "ಅವಳು ಹೇಳಿದ್ದು ನಿಜ. ಕೊಂದೋರು ಯಾರೂ ಇಲ್ಲ. ಎಷ್ಟು ಕೂತರೂ ಸಿಗಲಿಲ್ಲ."

ಮಾಲೀಕರು ಕಿಟಕಿಯ ಕಡೆ ತಿರುಗಿದರು. "ಇವರ ಹೆಸರಿಂದಲೇ ಯಂತ್ರ ಓಡ್ತಿದೆ. ಜನ ಓದೋದು ಆ ಖಾಲಿ ಕುರ್ಚೀನೇ. ಬೆಂಕಿ ಬಿತ್ತು, ಕೊನೆ ಸಿಗಲಿಲ್ಲ ಅಂತ ಹಾಕಿ ಅಚ್ಚು ಮಾಡೋಣ. ಸುಟ್ಟೋರು ಒಬ್ಬರು ಬೇಕಲ್ಲ." ಅಕ್ಕನ ಮುಖ ನೋಡದೆ, "ಕನ್ನಡಕ ತಗೊಂಡು ಹೊರಡಮ್ಮ," ಎಂದರು.

ಅತ್ತೆ ಮಹಡಿಯ ಮೆಟ್ಟಿಲ ಕಡೆ ತಿರುಗಿದಳು. ಅವಳು ಮಲಗುವ ಕೋಣೆಯೂ ಮಾಲೀಕರದೇ. ನಾನು ಕುಂಚವನ್ನೇ ನೋಡುತ್ತಿದ್ದೆ.

"ಕೊನೇ ಅಧ್ಯಾಯ ನಾನು ಬರೆದು ಕೊಡ್ತೀನಿ," ಎಂದಳು ಅಕ್ಕ. "ನನ್ನ ಹೆಸರು ಬೇಡ. ಇಲ್ಲೇ ಇರೋಕೆ ಬಿಡಿ."