ಹರಿಯದ ತೋಳು

ಹುಬ್ಬಳ್ಳಿಯ ಆ ಕ್ರೀಡಾಂಗಣದಲ್ಲಿ, ಆಟಗಾರ್ತಿಯರ ಕೊಠಡಿಗೆ ಅಂಟಿಕೊಂಡ ಒಂದು ತಣ್ಣನೆಯ ಕೋಣೆಯೊಳಗೆ, ಸವೆತದರ್ಶಕ ಯಂತ್ರವು ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಅದರ ಗಾಜಿನ ಕಮಾನಿನ ಕೆಳಗೆ ನೀಲಾಂಬಿಕಾ ಬಾರಕೇರ ತನ್ನ ಬಲಗೈಯನ್ನು ತಲೆಯ ಮೇಲಕ್ಕೆ ಚಾಚಿ ಮಲಗಿದ್ದಳು. ಮಲಪ್ರಭಾ ಮಹಿಳಾ ತಂಡದ ವೇಗದ ಬೌಲರ್ ಅವಳು. ಅವಳ ಮೊದಲ ಓವರನ್ನು ನಗುನಗುತ್ತ ಎದುರಿಸಿದ ಬ್ಯಾಟರ್ ಇಡೀ ಲೀಗಿನಲ್ಲಿ ಒಬ್ಬಳೂ ಇರಲಿಲ್ಲ.

ಯಂತ್ರದ ತತ್ತ್ವ ಸರಳವಾದದ್ದು. ಕಿವಿಗೆ ಕೇಳಿಸದ ಧ್ವನಿತರಂಗಗಳು ದೇಹದೊಳಗೆ ಹಾದುಹೋಗಿ ಮೂಳೆ, ಸ್ನಾಯು, ಸ್ನಾಯುರಜ್ಜು, ನರ ಎಲ್ಲವನ್ನೂ ಅಳೆದು ತರುತ್ತವೆ. ಆ ಅಳತೆಗಳಿಂದ ಗಣಕದೊಳಗೆ ಅದೇ ವ್ಯಕ್ತಿಯ ಒಂದು ಪ್ರತಿದೇಹ ತಯಾರಾಗುತ್ತದೆ. ಆಮೇಲೆ ಗಣಕವು ಆ ಪ್ರತಿದೇಹದ ಕಾಲವನ್ನು ಮುಂದಕ್ಕೆ ಓಡಿಸುತ್ತದೆ. ಒಬ್ಬ ಬೌಲರ್ ಐದು ವರ್ಷಗಳಲ್ಲಿ ಎಸೆಯಬಹುದಾದ ಚೆಂಡುಗಳನ್ನೆಲ್ಲ ಪ್ರತಿದೇಹವು ಊಟದ ಹೊತ್ತಿನೊಳಗೆ ಎಸೆದು ಮುಗಿಸುತ್ತದೆ. ಭುಜದ ರಜ್ಜು ಎಲ್ಲಿ ಸವೆದೀತು, ಯಾವ ವರ್ಷ ಹರಿದೀತು ಎಂಬುದು ಪರದೆಯ ಮೇಲೆ ಬಣ್ಣಗಳಾಗಿ ಕಾಣುತ್ತದೆ. ಹಸಿರೆಂದರೆ ಗಟ್ಟಿ, ಕೆಂಪೆಂದರೆ ಹರಿದಂತೆ.

ಪರದೆಯ ಮುಂದೆ ಇಬ್ಬರಿದ್ದರು. ಯಂತ್ರವನ್ನು ರೂಪಿಸಿದ ವಿಜ್ಞಾನಿ ಡಾ. ವಾಗ್ದೇವಿ ಉಪಾಧ್ಯ ಕುರ್ಚಿಯಲ್ಲಿ ಕುಳಿತಿದ್ದರು. ತಂಡದ ವ್ಯವಸ್ಥಾಪಕ ವಿರೂಪಾಕ್ಷ ಹಂಪಣ್ಣವರ ನಿಂತೇ ಇದ್ದರು. ಅವರಿಗೆ ಕೂರಲು ಆಗುತ್ತಿರಲಿಲ್ಲ.

ಅವರ ಕಳವಳಕ್ಕೆ ಕಾರಣವಿತ್ತು. ಹಿಂದೊಮ್ಮೆ ಅವರು ಹಟ ಹಿಡಿದು ಒಬ್ಬ ಹೆಸರಾಂತ ಬೌಲರ್ ಜೊತೆ ದೀರ್ಘಾವಧಿ ಒಪ್ಪಂದ ಮಾಡಿಸಿದ್ದರು. ಮೊದಲ ವರ್ಷವೇ ಅವಳ ಭುಜ ಹರಿದುಹೋಯಿತು. ತಂಡ ಆ ಹೊಡೆತದಿಂದ ಏಳುವಷ್ಟರಲ್ಲಿ ಅರ್ಧ ಆಟಗಾರ್ತಿಯರು ಬಿಟ್ಟುಹೋಗಿದ್ದರು. ಈಗ ನೀಲಾಳ ಒಪ್ಪಂದ ಮುಗಿಯುತ್ತ ಬಂದಿತ್ತು. ಎರಡು ತಂಡಗಳು ಅವಳನ್ನು ಕರೆಯುತ್ತಿದ್ದವು. ಅವಳು ಹೋದರೆ ನೋಡಲು ಬರುವ ಜನರೂ ಹೋಗುತ್ತಾರೆ. ಆಮೇಲೆ ಮಾಲೀಕರು ತಂಡವನ್ನು ಮಾರಿಬಿಡುತ್ತಾರೆ. ಇಟ್ಟುಕೊಂಡ ಮೇಲೆ ತೋಳು ಕೈಕೊಟ್ಟರೂ ಅದೇ ಗತಿ. ಮಾಲೀಕರಾದ ದೇಸಾಯರು ಸ್ಪಷ್ಟವಾಗಿ ಹೇಳಿದ್ದರು: "ಯಂತ್ರ ಹ್ಞೂಂ ಅಂದ್ರ ಐದು ವರ್ಷ. ಇಲ್ಲಂದ್ರ ಒಂದ್ ದಿನಾನೂ ಬ್ಯಾಡ."

ಪರದೆಯ ಮೇಲೆ ಮೊದಲ ವರ್ಷ ಹಸಿರಾಗಿ ಸರಿಯಿತು. ಎರಡನೆಯದೂ ಹಸಿರು. ಮೂರು, ನಾಲ್ಕು, ಐದು. ಹೋದಂತೆ ಹೋದಂತೆ ಹಸಿರು ಇನ್ನಷ್ಟು ದಟ್ಟವಾಯಿತು.

ಹಂಪಣ್ಣವರ ತಮ್ಮ ಎರಡೂ ಕೈಗಳಿಂದ ಮುಖ ಒರೆಸಿಕೊಂಡರು. "ಗೆದ್ವಿ ಬಿಡ್ರಿ ಡಾಕ್ಟರ. ದೇವರು ಕೊಟ್ಟ ಕೈ ಅದು!"

ವಾಗ್ದೇವಿಯವರ ಹುಬ್ಬು ಗಂಟಿಕ್ಕಿತ್ತು. "ಇಷ್ಟು ಕಡಿಮೆ ಸವೆತವನ್ನು ನಾನು ಯಾರಲ್ಲಿಯೂ ಕಂಡಿಲ್ಲ. ವೇಗದ ಬೌಲರ್ ಅಂದರೆ ಸ್ವಲ್ಪವಾದರೂ ಹಳದಿ ಕಾಣಬೇಕು. ಎರಡು ದಿನ ಕೊಡಿ, ಪೂರ್ತಿ ಪ್ರತಿದೇಹವನ್ನು ಬಿಡಿಸಿ ನೋಡುತ್ತೇನೆ."

"ಎರಡು ದಿನದಾಗ ಹಕ್ಕಿ ಹಾರಿಹೋಗಿರ್ತೈತ್ರಿ. ಭುಜ ಹರಿತೈತೋ ಇಲ್ಲೋ, ಅಷ್ಟ ಹೇಳ್ರಿ."

"ಹರಿಯುವುದಿಲ್ಲ. ಅದಂತೂ ನಿಜ."

"ಅಷ್ಟ ಸಾಕು."

ಅಂದು ಸಂಜೆಯೇ ಸಹಿ ಆಯಿತು. ಯಂತ್ರವೇ ಭರವಸೆ ಕೊಟ್ಟ ಮೇಲೆ ಕಾಯಿಲೆಗೆ ಸಂಬಂಧಿಸಿದ ಹಳೆಯ ಷರತ್ತುಗಳು ಬೇಕಿಲ್ಲವೆಂದು ದೇಸಾಯರ ವಕೀಲರು ಅವನ್ನೆಲ್ಲ ತೆಗೆದುಹಾಕಿದರು. ಯಂತ್ರದಲ್ಲಿ ಭುಜದ ಸವೆತ ಕಂಡುಬಂದರೆ ಒಪ್ಪಂದ ರದ್ದು ಎಂಬ ಒಂದೇ ಷರತ್ತು ಉಳಿಯಿತು. ನೀಲಾ ತನ್ನ ಊರು ಕೊಣ್ಣೂರಿನಿಂದ ಬಂದಿದ್ದ ತಾಯಿಯ ಬಾಯಿಗೆ ಪೇಡೆ ಇಟ್ಟು, "ಐದು ವರ್ಷ ಇನ್ನ ಎಲ್ಲೂ ಹೋಗೂದಿಲ್ಲ ನೋಡ ಯವ್ವಾ" ಎಂದಳು.

ಹೊಸ ಋತುವಿನ ಮೊದಲ ಪಂದ್ಯದಲ್ಲಿ ಅವಳು ಎಂದಿನಂತೆಯೇ ಎಸೆದಳು. ಮೂರನೆಯದರಲ್ಲಿ ಅವಳ ಯಾರ್ಕರ್‌ಗಳು ಬ್ಯಾಟಿನ ಬುಡಕ್ಕೆ ಬೀಳದೆ ಸೊಂಟದೆತ್ತರಕ್ಕೆ ಹೋದವು. ಐದನೆಯದರಲ್ಲಿ ಚೆಂಡು ಕೈಯಿಂದ ಜಾರಿ ಅಂಪೈರರ ಕಾಲ ಬಳಿ ಬಿತ್ತು. ಜನ ನಕ್ಕರು. ಅದರ ಮುಂದಿನ ಪಂದ್ಯದಲ್ಲಿ ನಗಲಿಲ್ಲ, ಕೂಗಿದರು.

ನೋವು ಇರಲಿಲ್ಲ. ಅದೇ ದೊಡ್ಡ ಸಂಕಟವಾಯಿತು. ನೋವಿದ್ದರೆ ತೋರಿಸಬಹುದಿತ್ತು. "ಕೈ ಮಾತು ಕೇಳವಲ್ದು" ಎಂದರೆ ಯಾರು ನಂಬುತ್ತಾರೆ? ಕೋಚ್ ಅವಳನ್ನು ಮತ್ತೆ ಸವೆತದರ್ಶಕದಲ್ಲಿ ಮಲಗಿಸಿದರು. ಎಲ್ಲ ಹಸಿರು. ಅಲ್ಲಿಂದ ಮಾತು ತಂಡದಲ್ಲಿ, ಆಮೇಲೆ ಊರಿನಲ್ಲಿ ಹರಡಿತು: ಕೈ ಗಟ್ಟಿಯಿದೆ, ಮನಸ್ಸಿಲ್ಲ, ಐದು ವರ್ಷ ಖಾತ್ರಿಯಾಯಿತಲ್ಲ, ಇನ್ನೇಕೆ ಬೆವರು ಸುರಿಸುತ್ತಾಳೆ?

ಒಂದು ದಿನ ಅಭ್ಯಾಸದ ನಡುವೆ ಹಂಪಣ್ಣವರ ಅವಳನ್ನು ಪಕ್ಕಕ್ಕೆ ಕರೆದರು. "ನೀಲಾ, ನಿನ್ನ ಹಿಂದ ನಾ ನಿಂತೀನಿ. ತಂಡ ಮುಳುಗಾಕತ್ತೈತಿ ತಂಗಿ. ಒಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ಬೇಕಂತ ಹಿಂಗ ಮಾಡಾಕತ್ತಿಯೇನು?"

ನೀಲಾ ಹಂಪಣ್ಣವರ ಮುಖವನ್ನೇ ನೋಡಿದಳು. "ನೀವೂ ಕೇಳಿದ್ರಿ ಹಂಗಾರ" ಎಂದಷ್ಟೇ ಹೇಳಿ ಚೆಂಡು ತೆಗೆದುಕೊಂಡು ಹೊರಟುಹೋದಳು.

ಅವಳಿಗೂ ಯಂತ್ರದ ಮೇಲೆ ನಂಬಿಕೆಯಿತ್ತು. ಹಾಗಾಗಿ ತಪ್ಪು ತನ್ನದೇ ಇರಬೇಕೆಂದುಕೊಂಡಳು. ಉಳಿದವರೆಲ್ಲ ಹೋದ ಮೇಲೂ ಒಬ್ಬಳೇ ಓಡಿ ಬಂದು ಎಸೆಯುವಳು. ಎಸೆದಷ್ಟೂ ಚೆಂಡು ಮೆತ್ತಗಾಗುವುದು; ಮೆತ್ತಗಾದಷ್ಟೂ ಇನ್ನಷ್ಟು ಎಸೆಯುವಳು. ಒಂದು ಬೆಳಿಗ್ಗೆ ಜಡೆ ಹಾಕಿಕೊಳ್ಳಲು ಕೈ ಎತ್ತಿದರೆ ಕೈ ಕಿವಿಯ ತನಕ ಹೋಗಿ ತಾನಾಗಿಯೇ ಕೆಳಗೆ ಬಿತ್ತು. ಅವಳು ಕೂದಲು ಬಿಚ್ಚಿಕೊಂಡೇ ವಾಗ್ದೇವಿಯವರ ಪ್ರಯೋಗಾಲಯಕ್ಕೆ ಬಂದಳು.

"ಮೇಡಂ, ನಿಮ್ಮ ಯಂತ್ರ ಸುಳ್ಳು ಹೇಳೇತಿ ಅಂತ ಒಂದ ಸಲ ಅನ್ರಿ. ಇಲ್ಲಂದ್ರ ನನಗ ಹುಚ್ಚು ಹಿಡೀತೈತಿ."

ವಾಗ್ದೇವಿ ಅವಳನ್ನು ಕೂರಿಸಿದರು. ನೀರು ಕೊಟ್ಟರು. ಅವಳು ಲೋಟವನ್ನು ಎಡಗೈಯಿಂದ ಹಿಡಿದದ್ದನ್ನು ಗಮನಿಸಿದರು. ಆಮೇಲೆ ಗಣಕದ ಮುಂದೆ ಕುಳಿತು, ಸಹಿಯ ದಿನದ ಅಳತೆಗಳನ್ನು ಹೊರತೆಗೆದರು.

ತಂಡದವರು ಯಂತ್ರವನ್ನು ಯಾವಾಗಲೂ ಒಂದೇ ಪ್ರಶ್ನೆ ಕೇಳುತ್ತಿದ್ದರು: ಹರಿಯುತ್ತದೆಯೋ ಇಲ್ಲವೋ? ಅದಕ್ಕೆ ಬಣ್ಣಗಳು ಸಾಕಾಗುತ್ತಿದ್ದವು. ಪ್ರತಿದೇಹ ಹೇಗೆ ಓಡುತ್ತದೆ, ಹೇಗೆ ಎಸೆಯುತ್ತದೆ ಎಂದು ನೋಡುವ ಸೌಲಭ್ಯ ಯಂತ್ರದಲ್ಲಿತ್ತು. ಸಮಯ ಹಿಡಿಯುತ್ತದೆಂದು ಅದನ್ನು ಯಾರೂ ಬಳಸುತ್ತಿರಲಿಲ್ಲ. ವಾಗ್ದೇವಿ ಈಗ ಅದನ್ನು ತೆರೆದರು.

ಪರದೆಯ ಮೇಲೆ ಬೂದು ಬಣ್ಣದ ಒಬ್ಬ ಹೆಂಗಸು ಮೂಡಿದಳು. ಮುಖವಿರಲಿಲ್ಲ, ಆದರೆ ಆ ಓಟ, ಆ ಜಿಗಿತ ನೀಲಾಳದೇ. ಮೊದಲ ವರ್ಷದ ಆರಂಭದಲ್ಲಿ ಅವಳು ಬಿರುಗಾಳಿಯಂತೆ ಬಂದು ಎಸೆದಳು. ವರ್ಷ ಕಳೆಯುವ ಮೊದಲೇ ಓಟ ಕುಂಟಿತು. ಮುಂದಿನ ವರ್ಷ ಅವಳು ನಡೆದು ಬಂದಳು. ಕೈ ಭುಜದವರೆಗೆ ಎದ್ದು ನಿಂತಿತು. ಆಮೇಲೆ ಅವಳು ಓಡುವ ಗುರುತಿನ ಬಳಿಯೇ ನಿಂತಿದ್ದಳು. ಕೊನೆಯ ವರ್ಷದಲ್ಲಿ ನೆಲದ ಮೇಲೆ ಕುಳಿತಿದ್ದಳು. ಎರಡೂ ಕೈಗಳು ತೊಡೆಯ ಪಕ್ಕದಲ್ಲಿ ಬಿದ್ದಿದ್ದವು. ಅವಳ ಭುಜದ ರಜ್ಜು ಮಾತ್ರ ಎಳೆಯ ಗರಿಕೆಯಂತೆ ಹಸಿರಾಗಿ ಹೊಳೆಯುತ್ತಿತ್ತು.

ವಾಗ್ದೇವಿ ಚಿತ್ರವನ್ನು ಅಲ್ಲಿಗೇ ನಿಲ್ಲಿಸಿದರು.

"ನಮ್ಮ ಯಂತ್ರ ಸುಳ್ಳು ಹೇಳಿಲ್ಲ ನೀಲಾ" ಎಂದರು ವಾಗ್ದೇವಿ. "ಹಗ್ಗ ಸವೆಯಬೇಕಾದರೆ ಯಾರಾದರೂ ಅದನ್ನು ಎಳೆಯಬೇಕು. ನಿಮ್ಮ ತೋಳನ್ನು ಎಳೆಯುವ ಸ್ನಾಯುಗಳಿಗೆ ಅಪ್ಪಣೆ ಕೊಡುವ ನರಗಳಿವೆ. ಅವು ಒಂದೊಂದಾಗಿ ಸಾಯುತ್ತಿವೆ. ಅದೊಂದು ಕಾಯಿಲೆ. ಎಳೆತ ಇಲ್ಲದ್ದರಿಂದ ಸವೆತವೂ ಇಲ್ಲ. ನಾನು ಅಂದೇ ಇದನ್ನು ತೆರೆದು ನೋಡಬೇಕಿತ್ತು."

ನೀಲಾ ಪರದೆಯಿಂದ ಕಣ್ಣು ಕೀಳಲಿಲ್ಲ. "ಹಂಗಾರ ನಾ ಮೈಗಳ್ಳಿ ಅಲ್ಲ" ಎಂದಳು. ಆಮೇಲೆ ಅತ್ತಳು.

ಕಾಯಿಲೆಗೆ ಪೂರ್ತಿ ವಾಸಿಯಾಗುವ ಮದ್ದು ಇರಲಿಲ್ಲ. ಆದರೆ ಪ್ರತಿದೇಹವಿತ್ತು. ವಾಗ್ದೇವಿ ಅದನ್ನು ಬೇರೆ ಬೇರೆ ರೀತಿಯಲ್ಲಿ ಬದುಕಿಸಿ ನೋಡಿದರು. ಒಂದರಲ್ಲಿ ಔಷಧ ಬೇಗ ಶುರುವಾಗಿತ್ತು, ಒಂದರಲ್ಲಿ ತಡವಾಗಿ. ಒಂದರಲ್ಲಿ ವಿಶ್ರಾಂತಿ, ಒಂದರಲ್ಲಿ ವ್ಯಾಯಾಮ. ಚೆಂಡೆಸೆತ ಮುಂದುವರಿದ ಎಲ್ಲ ಬದುಕುಗಳಲ್ಲೂ ಅವಳು ಬೇಗ ಕುಸಿದಳು. ಈಗಲೇ ಎಸೆತ ನಿಲ್ಲಿಸಿ ಔಷಧ ಹಿಡಿದ ಬದುಕುಗಳಲ್ಲಿ ಮಾತ್ರ, ಐದನೆಯ ವರ್ಷವೂ ಬೂದು ಹೆಂಗಸು ತುತ್ತನ್ನು ತಾನೇ ಬಾಯಿಗಿಡುತ್ತಿದ್ದಳು.

ಸುದ್ದಿ ಕೇಳಿದ ದಿನ ಪ್ರಯೋಗಾಲಯದ ಮೆಟ್ಟಿಲ ಮೇಲೆ ಹಂಪಣ್ಣವರ ಕುಳಿತುಬಿಟ್ಟರು. ನೀಲಾ ಬಂದು ಪಕ್ಕದಲ್ಲಿ ಕುಳಿತಳು.

"ಇನ್ನೊಂದ ಮ್ಯಾಚ್ ಆಡ್ತೀನ್ರಿ ಸರ್. ನನಗೇನಾಗೇತಿ ಅಂತ ಮಂದಿಗೆ ಗೊತ್ತಾದ್ರ ಮೈದಾನ ತುಂಬತೈತಿ. ತಂಡ ಉಳೀತೈತಿ. ಒಂದ ಮ್ಯಾಚ್‌ನಾಗ ಏನ ಹೋಗ್ತೈತಿ?"

ಅದು ನಿಜವೆಂದು ಹಂಪಣ್ಣವರಿಗೆ ಗೊತ್ತಿತ್ತು. ಮೈದಾನ ತುಂಬುತ್ತಿತ್ತು. ತಂಡ ಬಹುಶಃ ಉಳಿಯುತ್ತಿತ್ತು. ಹತ್ತು ವರ್ಷ ಅವರು ಹಗಲಿರುಳು ಕಟ್ಟಿದ ತಂಡ ಅದು. ಅದು ಹೋದರೆ ಅವರಿಗೆ ಬೇರೆ ಬದುಕಿರಲಿಲ್ಲ.

"ನೀ ಇನ್ನ ಚೆಂಡು ಮುಟ್ಟಬ್ಯಾಡ" ಎಂದರು ಕೊನೆಗೆ. "ಬೇಕಂತ ಮಾಡಾಕತ್ತಿಯೇನು ಅಂತ ಕೇಳಿದ್ನಲ್ಲ, ಆ ಬಾಯಿಲೆ ನಾ ಇದಕ್ಕ ಹ್ಞೂಂ ಅನ್ಲಾರೆ."

"ನನ್ನ ಕೈ, ನನ್ನ ಆಟ!" ಅವಳು ಕಿರುಚಿದಳು. "ಅದನ್ನ ಬಿಟ್ರ ನಾ ಏನದೀನ್ರಿ?"

ಹಂಪಣ್ಣವರ ಮರುದಿನವೇ ಆಡುವವರ ಪಟ್ಟಿಯಿಂದ ಅವಳ ಹೆಸರನ್ನು ತೆಗೆದರು.

ದೇಸಾಯರು ಒಪ್ಪಂದವನ್ನು ರದ್ದು ಮಾಡಲು ಹೇಳಿದರು. ವಕೀಲರು ಉಳಿದಿದ್ದ ಆ ಒಂದೇ ಷರತ್ತನ್ನು ಹಿಡಿದು, ಭುಜದಲ್ಲಿ ಎಳ್ಳಷ್ಟಾದರೂ ಸವೆತ ಸಿಕ್ಕೀತೆಂದು ಅವಳನ್ನು ಮತ್ತೊಮ್ಮೆ ಅಳೆಸಿದರು. ಇಡೀ ಲೀಗಿನಲ್ಲಿ ಅಷ್ಟು ಗಟ್ಟಿಮುಟ್ಟಾದ ಭುಜ ಇನ್ನೊಂದಿರಲಿಲ್ಲ. ಯಂತ್ರವನ್ನು ಸುಳ್ಳೆನ್ನುವಂತೆಯೂ ಇರಲಿಲ್ಲ. ಅದರ ಮಾತಿನ ಮೇಲೆ ಉಳಿದೆಲ್ಲ ಆಟಗಾರ್ತಿಯರ ಒಪ್ಪಂದಗಳು ನಿಂತಿದ್ದವು. ನೀಲಾಂಬಿಕಾ ಬಾರಕೇರ ಐದು ವರ್ಷಗಳವರೆಗೆ ತಂಡದ ಬೌಲರ್ ಆಗಿಯೇ ಉಳಿದಳು. ಅವಳ ಚಿಕಿತ್ಸೆಯೂ ತಂಡದ ಹೊಣೆಯಾಯಿತು.

ಮಲಪ್ರಭಾ ತಂಡ ಆ ವರ್ಷ ಕೊನೆಯ ಸ್ಥಾನಕ್ಕೆ ಬಿತ್ತು. ಆಟಗಾರ್ತಿಯರು ಚದುರಿದರು. ಕೊಳ್ಳುವವರು ಯಾರೂ ಬರಲಿಲ್ಲ. ತಂಡ ಹೆಸರಿಗಷ್ಟೇ ಉಳಿಯಿತು. ಮೈದಾನದಲ್ಲಿ ಹುಲ್ಲು ಮಂಡಿಯುದ್ದ ಬೆಳೆಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಕ್ರೀಡಾಂಗಣದ ಗೇಟಿನ ಮುಂದೆ ಗಂಡಹೆಂಡತಿ ಇಬ್ಬರು ನಿಂತಿದ್ದರು. ಗಂಡನ ಬೆರಳುಗಳಲ್ಲಿ ಕೆಲವು ತಿಂಗಳಿಂದ ಬಲವಿರಲಿಲ್ಲವಂತೆ; ಡಾಕ್ಟರರೆಲ್ಲ ಏನೂ ಇಲ್ಲ ಎನ್ನುತ್ತಾರಂತೆ; ಪತ್ರಿಕೆಯಲ್ಲಿ ನೀಲಾಳ ವಿಷಯ ಓದಿ ಬಂದಿದ್ದರು. ಹಂಪಣ್ಣವರ ಅವರನ್ನು ಒಳಗೆ ಬಿಟ್ಟರು. ಮರುವಾರ ಇನ್ನೂ ನಾಲ್ಕು ಜನ ಬಂದರು. ಮಳೆಗಾಲ ಮುಗಿಯುವಷ್ಟರಲ್ಲಿ ಗದಗಿನಿಂದ, ರಾಯಚೂರಿನಿಂದ, ಸೊಲ್ಲಾಪುರದಿಂದ ಬಂದವರ ಸಾಲು ಟಿಕೆಟ್ ಕಿಟಕಿಯವರೆಗೆ ಬೆಳೆದಿತ್ತು. ಆಟಗಾರ್ತಿಯರ ಭುಜ ಅಳೆಯಲೆಂದು ತಂದ ಯಂತ್ರವು, ಯಾವ ವೈದ್ಯರ ಕಣ್ಣಿಗೂ ಬೀಳುವ ಮೊದಲೇ ಆ ಕಾಯಿಲೆಯನ್ನು ಕಾಣುತ್ತಿತ್ತು. ಎಲ್ಲರಲ್ಲೂ ಅದೇ ಇರಲಿಲ್ಲ. ಎಷ್ಟೋ ಜನ ಸಮಾಧಾನದಿಂದ ಮರಳಿದರು. ಇದ್ದವರು ಮಾತ್ರ ಸಕಾಲಕ್ಕೆ ಔಷಧ ಹಿಡಿದರು. ವಾಗ್ದೇವಿ ಕ್ರೀಡಾಂಗಣದಲ್ಲೇ ಬಿಡಾರ ಹೂಡಿದರು. ದೇಸಾಯರಿಗೆ ಇದು ಇಷ್ಟವಿರಲಿಲ್ಲ. ಆದರೆ ಆ ಸಾಲನ್ನು ಗೇಟಿನಿಂದಾಚೆ ಅಟ್ಟುವ ಧೈರ್ಯವೂ ಅವರಿಗಿರಲಿಲ್ಲ.

ಒಪ್ಪಂದದ ಪ್ರಕಾರ ನೀಲಾ ದಿನವೂ ಕ್ರೀಡಾಂಗಣಕ್ಕೆ ಬರಬೇಕಿತ್ತು. ಮೊದಮೊದಲು ಖಾಲಿ ಗ್ಯಾಲರಿಯಲ್ಲಿ ಮುಖ ತಿರುಗಿಸಿ ಕೂರುತ್ತಿದ್ದಳು. ಹಂಪಣ್ಣವರೊಂದಿಗೆ ಮಾತು ಬಿಟ್ಟಿದ್ದಳು. ಒಂದು ದಿನ ಯಂತ್ರದ ಕೋಣೆಯಿಂದ ಒಬ್ಬ ಹೆಣ್ಣುಮಗಳು ಹೊರಬಂದು ಗೋಡೆಗೆ ತಲೆ ಆನಿಸಿ ನಿಂತದ್ದನ್ನು ಕಂಡಳು. ಎದ್ದು ಹೋಗಿ ಅವಳ ಪಕ್ಕ ನಿಂತಳು. ಅಂದಿನಿಂದ ಆ ಕೋಣೆಯ ಬಾಗಿಲಲ್ಲೇ ಅವಳ ಕುರ್ಚಿ ಬಿತ್ತು.

ನಾಲ್ಕನೆಯ ವರ್ಷದ ಒಂದು ಬೆಳಿಗ್ಗೆ ಗಜೇಂದ್ರಗಡದ ಕಡೆಯ ನೇಕಾರನೊಬ್ಬ ಬಂದ. ಹೆಸರು ಶಂಕ್ರಪ್ಪ. ಅಳತೆ ಮುಗಿದಿತ್ತು. ಪ್ರತಿದೇಹವನ್ನು ನೋಡುತ್ತೀರಾ ಎಂದು ವಾಗ್ದೇವಿ ಕೇಳಿದಾಗ ಅವನು ಎದ್ದು ಹೊರಗೆ ಬಂದುಬಿಟ್ಟಿದ್ದ. ಬಾಗಿಲಲ್ಲಿ ನೀಲಾ ಕುಳಿತಿದ್ದಳು.

"ಅಕ್ಕಾರ, ನೀವು ನೋಡಿದ್ರಂತ?"

"ನೋಡೀನ್ರಿ."

"ಕಡೀ ವರ್ಷದ್ದೂ?"

"ಕಡೀ ವರ್ಷದ್ದೂ."

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. "ಹೆಂಗಿತ್ರಿ?"

ಅವನಿಗೆ ಸುಳ್ಳು ಹೇಳಬಾರದೆಂದು ನೀಲಾಳಿಗೆ ಅನಿಸಿತು. "ಕುಂತಿದ್ದೆ. ಕೈ ಎರಡೂ ಬಿದ್ದಿದ್ವು. ಆದ್ರ ಇದ್ದೆ."

ಶಂಕ್ರಪ್ಪ ತಲೆ ತಗ್ಗಿಸಿ ನಿಂತ. ಆಮೇಲೆ ಮೆಲ್ಲಗೆ ಕೇಳಿದ, "ನಮ್ಮಾಕಿ ಹೊರಗ ನಿಂತಾಳ್ರಿ. ಆಕಿನೂ ಜೋಡಿ ಕುಂತು ನೋಡಬಹುದೇನ್ರಿ?"

ಕಟ್ಟಡದ ಗಾಜಿನ ಹೊರಬಾಗಿಲ ಆಚೆ, ಸಾಲಿನ ಪಕ್ಕದಲ್ಲಿ, ಸೆರಗು ಬಿಗಿಹಿಡಿದ ಒಬ್ಬ ಹೆಂಗಸು ನಿಂತಿದ್ದಳು. ಬಾಗಿಲು ತಳ್ಳುವ ಶಕ್ತಿ ನೀಲಾಳ ಕೈಗಳಲ್ಲಿರಲಿಲ್ಲ. ಅವಳು ಕುರ್ಚಿಯಲ್ಲಿ ನೆಟ್ಟಗೆ ಕುಳಿತು, ಎದೆ ತುಂಬ ಉಸಿರೆಳೆದುಕೊಂಡು, ಇಡೀ ಸಾಲು ತಿರುಗಿ ನೋಡುವ ಹಾಗೆ ಕೂಗಿದಳು:

"ಯವ್ವಾ, ಒಳಗ ಬಾ!"